ಚಿತ್ರದ ಹಿನ್ನೆಲೆ

ನಮ್ಮ ನಾಡಿನಲ್ಲಿ ದೇವರ ಪಟವಿಲ್ಲದ ಮನೆ ಅಪರೂಪ. ಪೂಜೆಯ ಗೂಡಿನಲ್ಲಿಯೋ, ನಡುಮನೆಯ ಗೋಡೆಯ ಮೇಲೆಯೋ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂಬದಿಯಲ್ಲಿಯೋ ಕಮಲದ ಮೇಲೆ ನಿಂತ ಲಕ್ಷ್ಮಿಯೂ ವೀಣೆಯನ್ನು ಹಿಡಿದು ಕುಳಿತ ಸರಸ್ವತಿಯೂ ಇದ್ದೇ ಇರುವರು. ದಿನವೂ ಬೆಳಗ್ಗೆ ಆ ಪಟಗಳಿಗೆ ಹೂವೇರಿಸುವೆವು. ಹಬ್ಬ ಬಂದರೆ ಗಾಜನ್ನು ಒರೆಸಿ ಕುಂಕುಮವಿಡುವೆವು. ದೇವಿಯ ಮುಖ ಹೀಗೆಯೇ ಇರುವುದೆಂಬುದರಲ್ಲಿ ನಮಗೆ ಸಂದೇಹವೇ ಹುಟ್ಟುವುದಿಲ್ಲ. ಆ ಮುಖವನ್ನು ಹೀಗೆ ಬರೆಯಬೇಕೆಂದು ಒಬ್ಬ ಮನುಷ್ಯನು ಒಂದು ದಿನ ಕುಂಚ ಹಿಡಿದು ನಿಶ್ಚಯಿಸಿದನೆಂಬುದೂ, ಅವನಿಗೂ ನಮ್ಮಂತೆಯೇ ಮನೆ, ಬಂಧುಗಳು, ಸಾಲ, ರೋಗ, ಊಟದ ಚಿಂತೆಗಳು ಇದ್ದುವೆಂಬುದೂ ಹೂವೇರಿಸುವಾಗ ಯಾರ ನೆನಪಿಗೆ ಬಂದೀತು?

ನಾವು ಚಿಕ್ಕವರಿದ್ದಾಗ ಮನೆಯ ಹಿರಿಯರು ಇಂತಹ ಪಟಗಳಿಗೆಲ್ಲ ಒಂದೇ ಹೆಸರಿಟ್ಟಿದ್ದರು: “ರವಿವರ್ಮನ ಪಟ.” ಅದನ್ನು ಬರೆದವರು ಯಾರೇ ಆಗಿರಲಿ, ಎಲ್ಲಿಯೇ ಅಚ್ಚಾಗಿರಲಿ, ಬಣ್ಣ ಬಣ್ಣವಾಗಿ ಹೊಳೆಯುತ್ತಿದ್ದರೆ ಅದು ರವಿವರ್ಮನದೇ. ಒಬ್ಬ ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಕೀರ್ತಿ ಬೇಕಿಲ್ಲ. ಆದರೆ ಆ ಒಂದು ಹೆಸರಿನ ಹಿಂದೆ ಎಷ್ಟು ಜನರ ದುಡಿಮೆ ಅಡಗಿದೆಯೆಂಬುದನ್ನು ವಿಚಾರಿಸಿದಾಗ ನಮಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಆಸೆ. ಬೇರೆ ಯಾವ ಉದ್ಯೋಗವನ್ನೂ ಮಾಡದೆ ಚಿತ್ರ ಬರೆಯುವುದನ್ನೇ ಬಾಳನ್ನಾಗಿ ಮಾಡಿಕೊಂಡವರ ಸಂಸಾರ ಹೇಗೆ ನಡೆಯುತ್ತದೆಂಬುದು ಸಂಸಾರಿಗಳು ತಿಳಿಯತಕ್ಕ ವಿಷಯವೇ ಅಲ್ಲವೆ?

ನಾವು ಶಾಲೆಯಲ್ಲಿ ಸಂಸ್ಕೃತ ಹೇಳುತ್ತಿದ್ದವರು. ಶಾಕುಂತಲದ ಆರನೆಯ ಅಂಕವನ್ನು ಪಾಠಮಾಡುವಾಗಲೆಲ್ಲ ಒಂದು ಸಂಗತಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುತ್ತಿತ್ತು. ಉಂಗುರ ಸಿಕ್ಕಿ, ನೆನಪು ಮರಳಿ, ಪಶ್ಚಾತ್ತಾಪದಿಂದ ಬೇಯುತ್ತಿರುವ ದುಷ್ಯಂತನು ಶಕುಂತಲೆಯ ಚಿತ್ರವನ್ನು ತನ್ನ ಕೈಯಿಂದಲೇ ಬರೆದಿರುವನು. ಅವಳೂ ಇಬ್ಬರು ಸಖಿಯರೂ ಹಲಗೆಯ ಮೇಲೆ ಜೀವ ತಳೆದಂತಿರುವರು. ನೋಡಿದ ವಿದೂಷಕನು ಮೆಚ್ಚುವನು. ಆದರೂ ರಾಜನಿಗೆ ತೃಪ್ತಿಯಿಲ್ಲ; ಹಿನ್ನೆಲೆ ಇನ್ನೂ ಆಗಿಲ್ಲವೆಂದು ಅವನ ಕೊರಗು. ಮರಳಿನಲ್ಲಿ ಹಂಸಗಳ ಜೋಡಿ ಕುಳಿತ ಮಾಲಿನೀ ನದಿ ಬರಬೇಕು. ಅದರ ಎರಡು ದಡಗಳಲ್ಲಿ ಜಿಂಕೆಗಳು ಮಲಗಿರುವ ಹಿಮವಂತನ ತಪ್ಪಲು ಬರಬೇಕು. ಕೊಂಬೆಗಳಲ್ಲಿ ನಾರುಮಡಿ ತೂಗುತ್ತಿರುವ ಒಂದು ಮರ, ಆ ಮರದಡಿಯಲ್ಲಿ ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣನ್ನು ತಿಕ್ಕಿಕೊಳ್ಳುವ ಹೆಣ್ಣುಜಿಂಕೆ ಬರಬೇಕು. ಇವೆಲ್ಲ ಸೇರಿದಲ್ಲದೆ ಶಕುಂತಲೆಯು ಶಕುಂತಲೆಯಾಗಳು. ಕುಂಚ ತರಲು ಹೋದ ಚತುರಿಕೆಯ ಕೈಯಿಂದ ಬಣ್ಣದ ಪೆಟ್ಟಿಗೆಯನ್ನು ವಸುಮತೀದೇವಿ ಕಸಿದುಕೊಳ್ಳುವಳು. ವಿದೂಷಕನು ಹಲಗೆಯನ್ನು ಎತ್ತಿಕೊಂಡು ಓಡುವನು. ಹಿನ್ನೆಲೆ ಅಲ್ಲಿಗೇ ನಿಂತುಹೋಯಿತು.

ಮುಖವನ್ನು ಬರೆದವನಿಗೆ ಹೆಸರು ಬರುತ್ತದೆ. ಆ ಮುಖಕ್ಕೆ ನಿಲ್ಲಲು ನೆಲವನ್ನೂ, ಉಸಿರಾಡಲು ಆಕಾಶವನ್ನೂ ಬರೆದುಕೊಟ್ಟವನ ಗತಿಯೇನು? ರವಿವರ್ಮರ ಚರಿತ್ರೆಯನ್ನು ಓದುವಾಗ ನಮಗೆ ಈ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಯಿತು.

ರವಿವರ್ಮರು ಹುಟ್ಟಿದುದು ೧೮೪೮ನೆಯ ಏಪ್ರಿಲ್ ೨೯ರಂದು, ತಿರುವಾಂಕೂರು ಸೀಮೆಯ ಕಿಳಿಮಾನೂರಿನ ಅರಮನೆಯಲ್ಲಿ. ತಂದೆ ಸಂಸ್ಕೃತದಲ್ಲಿಯೂ ಆಯುರ್ವೇದದಲ್ಲಿಯೂ ಪಂಡಿತರು. ತಾಯಿ ಉಮಾಯಂಬಾ ತಂಬುರಾಟ್ಟಿಯವರು ಕವಿಗಳು. ಪಾರ್ವತಿಯ ಸ್ವಯಂವರವನ್ನು ಕುರಿತು ಅವರು ರಚಿಸಿದ ಕೃತಿಯನ್ನು ಮಗನೇ ಮುಂದೆ ಅಚ್ಚುಹಾಕಿಸಿದರು. ಸೋದರಮಾವ ರಾಜರಾಜವರ್ಮರು ತಂಜಾವೂರಿನ ಸಂಪ್ರದಾಯದಲ್ಲಿ ಚಿತ್ರ ಬರೆಯಬಲ್ಲವರು. ಅರಮನೆಯ ಗೋಡೆಯ ಮೇಲೆ ಇದ್ದಲಿನಿಂದ ಗೀಚುತ್ತಿದ್ದ ಹುಡುಗನನ್ನು ಉಳಿದವರು ಗದರಿಸಿದರೆ ಸೋದರಮಾವ ಮಾತ್ರ ಕರೆದು ಬಳಿಯಲ್ಲಿ ಕೂಡಿಸಿಕೊಂಡರಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಹುಡುಗನನ್ನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿ ಬಿಟ್ಟವರೂ ಅವರೇ. ಆಗ ಎಣ್ಣೆಬಣ್ಣದ ಚಿತ್ರ ನಮ್ಮ ದೇಶಕ್ಕೆ ಹೊಸದು. ೧೮೬೮ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಆಸ್ಥಾನಕ್ಕೆ ಬಂದನು. ತನ್ನ ವಿದ್ಯೆಯನ್ನು ಕಲಿಸಲು ಅವನು ಒಪ್ಪಲಿಲ್ಲ. ತಾನು ಬರೆಯುವಾಗ ದೂರ ನಿಂತು ನೋಡಬಹುದೆಂದನಂತೆ. ರವಿವರ್ಮರು ನೋಡಿಯೇ ಕಲಿತರು. ಏಕಲವ್ಯನ ಕಥೆಯನ್ನು ನೆನಪಿಗೆ ತರುವ ಈ ಭಾಗವನ್ನು ಎಲ್ಲರೂ ಹೇಳುವರು. ಇದ್ದಲು ಹಿಡಿದ ಕೈಯನ್ನು ಹೊಡೆಯದೆ ಬಿಟ್ಟ ಸೋದರಮಾವನನ್ನು ಅಷ್ಟಾಗಿ ನೆನೆಯುವವರಿಲ್ಲ.

ಇನ್ನು ವೃತ್ತಿಯ ವಿಷಯ. ರಾಜಬಂಧುಗಳಾದವರು ವಿನೋದಕ್ಕೆ ಚಿತ್ರ ಬರೆಯಬಹುದು. ಬರೆದುದಕ್ಕೆ ಹಣ ತೆಗೆದುಕೊಳ್ಳುವುದೆಂದರೆ ಆ ಕಾಲಕ್ಕೆ ಕುಲಕ್ಕೇ ಕುಂದು. ಈ ಮೇರೆಯನ್ನು ದಾಟುವ ಮೊದಲು ರವಿವರ್ಮರು ಬಂದುದು ನಮ್ಮ ಕೊಲ್ಲೂರಿಗೆ. ೧೮೭೦ರಲ್ಲಿ ಅವರು ಮೂಕಾಂಬಿಕೆಯ ಸನ್ನಿಧಿಯಲ್ಲಿ ನಲವತ್ತೊಂದು ದಿನಗಳ ಭಜನೆ ಮಾಡಿ ಹಿಂದಿರುಗುವಾಗ, ಕಲ್ಲಿಕೋಟೆಯಲ್ಲಿ ನ್ಯಾಯಾಧೀಶರಾಗಿದ್ದ ಕೃಷ್ಣಮೇನೋನರ ಕುಟುಂಬದ ಚಿತ್ರವನ್ನು ಬರೆದು ಮೊದಲ ಸಂಭಾವನೆ ಪಡೆದರೆಂದು ಅವರ ಚರಿತ್ರಕಾರರು ಹೇಳುವರು. ವಿದ್ಯೆಯನ್ನು ಮಾರುವುದು ಪಾಪವೋ ಅಲ್ಲವೋ ಎಂಬ ಶಂಕೆ ಅವರಲ್ಲಿ ಎಷ್ಟಿತ್ತೋ ನಾವರಿಯೆವು. ಸಂಬಳ ತೆಗೆದುಕೊಂಡು ಕಾಳಿದಾಸನನ್ನು ಪಾಠ ಹೇಳಿದ ನಮ್ಮಂಥವರಿಗೆ ಆ ಪ್ರಶ್ನೆಯ ಭಾರ ಸ್ವಲ್ಪಮಟ್ಟಿಗೆ ತಿಳಿಯುವುದು. ಒಂದು ಮಾತು ನಿಜ. ಹಣ ಪಡೆದ ಆ ದಿನದಿಂದ ಚಿತ್ರ ಬರೆಯುವುದು ಅವರಿಗೆ ವಿನೋದವಾಗಿ ಉಳಿಯಲಿಲ್ಲ. ಹೇಳಿದ ದಿನಕ್ಕೆ ಮುಗಿಸಬೇಕು. ಕೂರಿಸಿದವರ ಮೂಗು ಇದ್ದಂತೆಯೇ ಇರಬೇಕು, ಇದ್ದುದಕ್ಕಿಂತ ಸ್ವಲ್ಪ ಚೆನ್ನಾಗಿಯೂ ಇರಬೇಕು. ಮೆಚ್ಚದಿದ್ದರೆ ಮತ್ತೆ ತಿದ್ದಬೇಕು.

ಅವರ ಸಂಸಾರದ ವಿಷಯವನ್ನೂ ಇಲ್ಲಿ ಹೇಳಬೇಕು. ೧೮೬೬ರಲ್ಲಿ ಅವರಿಗೆ ಮಾವೇಲಿಕ್ಕರದ ಅರಮನೆಯ ಭಾಗೀರಥಿಯೊಡನೆ ಮದುವೆಯಾಯಿತು. ವರನಿಗೆ ಹದಿನೆಂಟು, ವಧುವಿಗೆ ಹನ್ನೆರಡು. ಆ ಸೀಮೆಯಲ್ಲಿ ಮರುಮಕ್ಕತ್ತಾಯ. ನಮ್ಮ ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಅದು ಹೊಸದಲ್ಲ. ಹೆಂಡತಿಯೂ ಮಕ್ಕಳೂ ತಾಯಮನೆಯಲ್ಲಿಯೇ ಇರುವರು. ಅವರ ಅನ್ನವಸ್ತ್ರಗಳು ಆ ಮನೆಯಿಂದಲೇ ನಡೆಯುವುವು. ಗಂಡನಾದವನು ಬಂದು ಹೋಗುವವನು. ಈ ಏರ್ಪಾಡು ಇಲ್ಲದಿದ್ದರೆ ಮದರಾಸು, ಬಡೋದೆ, ಮುಂಬಯಿ, ಮೈಸೂರು ಎಂದು ವರ್ಷಗಟ್ಟಲೆ ತಿರುಗಲು ರವಿವರ್ಮರಿಗೆ ಸಾಧ್ಯವಾಗುತ್ತಿತ್ತೆ? ಚಿತ್ರಕಾರನಿಗೆ ದೊರೆತ ಸ್ವಾತಂತ್ರ್ಯದ ಒಂದು ಪಾಲನ್ನು ಮಾವೇಲಿಕ್ಕರದ ಆ ಮನೆ ತೆತ್ತಿತು. ೧೮೯೧ರಲ್ಲಿ ಆ ಸಾಧ್ವಿ ತೀರಿಕೊಂಡಳು. ಗಂಡನು ಬರೆದ ದಮಯಂತಿ, ಸೀತೆ, ಶಕುಂತಲೆಯರನ್ನು ಲೋಕವೆಲ್ಲ ನೋಡಿ ಹೊಗಳಿತು. ಅವರೆಲ್ಲರೂ ಗಂಡನನ್ನು ಅಗಲಿ ಕಾದವರೇ ಎಂಬುದು ಆಕೆಗೆ ಎಂದಾದರೂ ತೋರಿದ್ದಿತೋ ಏನೋ.

ರವಿವರ್ಮರ ಕೀರ್ತಿಯನ್ನು ವಿಸ್ತರಿಸಿ ಹೇಳುವ ಅವಶ್ಯಕತೆಯಿಲ್ಲ. ೧೮೭೩ರಲ್ಲಿ ಮುಡಿಗೆ ಹೂವಿನ ದಂಡೆ ಮುಡಿದುಕೊಳ್ಳುತ್ತಿರುವ ನಾಯರ್ ಸ್ತ್ರೀಯ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕ ಬಂತು. ಅದೇ ವರ್ಷ ಆ ಚಿತ್ರ ವಿಯೆನ್ನಾ ನಗರದ ಪ್ರದರ್ಶನದಲ್ಲಿಯೂ ಮನ್ನಣೆ ಪಡೆಯಿತು. ೧೮೭೬ರಲ್ಲಿ ತಾವರೆಯ ಎಲೆಯ ಮೇಲೆ ಪ್ರೇಮಪತ್ರ ಬರೆಯುವ ಶಕುಂತಲೆಯನ್ನು ಮದರಾಸಿನ ಗವರ್ನರರಾಗಿದ್ದ ಬಕಿಂಗ್‌ಹ್ಯಾಂ ಡ್ಯೂಕರು ಕೊಂಡುಕೊಂಡರು. ಸಂಸ್ಕೃತ ಕೋಶಕಾರರೆಂದು ನಾವೆಲ್ಲ ಬಲ್ಲ ಮೋನಿಯರ್ ವಿಲಿಯಮ್ಸರು ತಮ್ಮ ಶಾಕುಂತಲದ ಇಂಗ್ಲಿಷ್ ಅನುವಾದದ ಮೊದಲಿಗೆ ಆ ಚಿತ್ರವನ್ನು ಹಾಕಿಸಿದರು. ೧೮೯೩ರಲ್ಲಿ ಹತ್ತು ಚಿತ್ರಗಳು ಅಮೆರಿಕದ ಚಿಕಾಗೋ ನಗರಕ್ಕೆ ಹೋಗಿ ಪದಕ ತಂದುವು. ೧೯೦೪ರಲ್ಲಿ ಕೈಸರ್-ಇ-ಹಿಂದ್ ಪದಕವೂ ಬಂತು.

ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯುವ ನೆವದಿಂದ ಹಿಂದಿರುಗಿ ನೋಡುವ ಶಕುಂತಲೆಯ ಪಟವೊಂದನ್ನು ನಾವು ತರಗತಿಯ ಗೋಡೆಗೆ ತೂಗುಹಾಕಿದ್ದೆವು. ಸಖಿಯ ಹೆಗಲ ಮೇಲೆ ಒಂದು ಕೈ. ಹಿಂದಕ್ಕೆ ಎತ್ತಿದ ಪಾದದ ಬಳಿ ಇನ್ನೊಂದು ಕೈ. ಕಣ್ಣು ಮಾತ್ರ ಪಾದದ ಮೇಲಿಲ್ಲ. “ಮೇಷ್ಟ್ರೇ, ಮುಳ್ಳೆಲ್ಲಿದೆ? ಕಾಣುವುದಿಲ್ಲವಲ್ಲ!” ಎಂದು ಒಬ್ಬ ಹುಡುಗಿ ಕೇಳಿದಳು. “ನಾಟಕದಲ್ಲಿಯೂ ಇಲ್ಲ, ತಾಯಿ, ಹುಡುಕು” ಎಂದೆವು. ಮೊದಲ ಅಂಕದ ಕೊನೆಯಲ್ಲಿ ದರ್ಭೆಯ ಮೊಳಕೆ ಚುಚ್ಚಿತೆಂದೂ ನಾರುಮಡಿ ಕೊಂಬೆಗೆ ಸಿಕ್ಕಿತೆಂದೂ ಅವಳು ಹೇಳಿ ತಡೆದು ನಿಲ್ಲುವುದು ಒಂದು ಗಳಿಗೆ. ಎರಡನೆಯ ಅಂಕದಲ್ಲಿ ಅದು ಬರಿಯ ನೆವವೆಂದು ದೊರೆ ನೆನೆಸಿಕೊಂಡು ಹಿಗ್ಗುವನು. ಕವಿಯು ಎರಡು ಮಾತಿನಲ್ಲಿ ಮುಗಿಸಿದುದನ್ನು ಹಿಡಿದು ಚಿತ್ರಕಾರನು ಆಳೆತ್ತರದ ಬಟ್ಟೆಯನ್ನು ತುಂಬಿಸಿರುವನು. ದೊರೆಯನ್ನು ಚಿತ್ರದಲ್ಲಿ ಬರೆದೇ ಇಲ್ಲ. ನೋಡುವ ನಾವು ಅವನಿದ್ದಾನೆಂದು ನಂಬುವೆವು. ಆಮೇಲೆ ಹುಡುಗರಿಗೆ ಇನ್ನೊಂದು ಕೆಲಸ ಹೇಳುತ್ತಿದ್ದೆವು: “ಈಗ ಮುಖವನ್ನು ಬಿಟ್ಟು, ಮರ, ಹುಲ್ಲು, ದೂರದ ದಾರಿ ಇವನ್ನು ನೋಡಿರಿ. ಇವನ್ನು ಅಂಗೈಯಿಂದ ಮುಚ್ಚಿ ಮತ್ತೆ ನೋಡಿರಿ.” ಹಿನ್ನೆಲೆಯನ್ನು ಮುಚ್ಚಿದೊಡನೆ ಶಕುಂತಲೆಯು ಆಶ್ರಮದಿಂದ ಹೊರಬಿದ್ದು ಯಾವುದೋ ಊರಿನ ಹೆಣ್ಣಾಗಿಬಿಡುತ್ತಿದ್ದಳು.

ರವಿವರ್ಮರ ಅನೇಕ ಚಿತ್ರಗಳಲ್ಲಿ ಇಂತಹ ಹಿನ್ನೆಲೆಯನ್ನು ತುಂಬಿದವರು ಅವರ ತಮ್ಮ, ಸಿ. ರಾಜರಾಜವರ್ಮರು. ಹುಟ್ಟಿದುದು ೧೮೬೦ರಲ್ಲಿ; ಅಣ್ಣನಿಗಿಂತ ಹನ್ನೆರಡು ವರ್ಷ ಕಿರಿಯರು. ಬೆಟ್ಟ, ನೀರು, ಆಕಾಶ, ಗಿಡಮರಗಳನ್ನು ಬರೆಯುವುದರಲ್ಲಿ ಅವರ ಕೈ ಅಣ್ಣನದಕ್ಕಿಂತ ಮೇಲೆಂದು ಬಲ್ಲವರು ಹೇಳುವರು. ತಾವೇ ಬರೆದ ಚಿತ್ರಗಳಿಗೂ ಪ್ರದರ್ಶನಗಳಲ್ಲಿ ಬಹುಮಾನ ಪಡೆದವರು. ಆದರೂ ಬಾಳಿನ ಬಹುಭಾಗವನ್ನು ಅಣ್ಣನ ಪಕ್ಕದಲ್ಲಿಯೇ ಕಳೆದರು. ಯಾವ ಸಂಸ್ಥಾನಕ್ಕೆ ಕಾಗದ ಬರೆಯಬೇಕು, ಯಾವ ಚಿತ್ರಕ್ಕೆ ಎಷ್ಟು ಕೇಳಬೇಕು, ಪೆಟ್ಟಿಗೆಗಳನ್ನು ರೈಲಿಗೆ ಹಾಕಿದ್ದಾಯಿತೆ, ಹಣ ಬಂತೆ, ಬಿಡಾರ ಎಲ್ಲಿ: ಇವೆಲ್ಲ ತಮ್ಮನ ಪಾಲು. ಕಿಳಿಮಾನೂರಿಗೆ ಬರುತ್ತಿದ್ದ ಕಾಗದಗಳ ದೆಸೆಯಿಂದಲೇ ಆ ಹಳ್ಳಿಗೆ ಅಂಚೆಯ ಕಛೇರಿ ಬಂತೆಂದು ಪ್ರತೀತಿಯುಂಟು. ೧೮೯೫ರಿಂದ ೧೯೦೪ರವರೆಗೆ ರಾಜರಾಜವರ್ಮರು ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟರು. ರವಿವರ್ಮರ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ಇಂದು ಲೋಕವು ಬಲ್ಲುದು ಬಹುಮಟ್ಟಿಗೆ ಆ ದಿನಚರಿಯಿಂದಲೇ. ಅಣ್ಣನ ಚಿತ್ರಗಳಿಗೆ ಹಿನ್ನೆಲೆಯನ್ನು ಬರೆದವರೇ ಅಣ್ಣನ ಬಾಳಿಗೂ ಹಿನ್ನೆಲೆಯನ್ನು ಬರೆದಿಟ್ಟಂತಾಯಿತು.

ಚಿತ್ರಕಾರನ ಬಾಳೆಂದರೆ ಏಕಾಂತದಲ್ಲಿ ಕುಳಿತು ಸ್ಫೂರ್ತಿಯನ್ನು ಕಾಯುವುದೆಂದು ನಮ್ಮಲ್ಲಿ ಬಹುಜನರ ಎಣಿಕೆ. ಅಣ್ಣತಮ್ಮಂದಿರ ದಿನಗಳು ಹಾಗಿರಲಿಲ್ಲ. ಬೆಳಕಿರುವಷ್ಟು ಹೊತ್ತು ಕೆಲಸ. ಎಣ್ಣೆಬಣ್ಣ ತಡವಾಗಿ ಆರತಕ್ಕದ್ದು. ಒಂದು ಚಿತ್ರ ಆರುವವರೆಗೆ ಮತ್ತೊಂದರ ಮುಂದೆ ನಿಲ್ಲಬೇಕು. ಚಿತ್ರಕ್ಕೆ ಕೂರಬೇಕಾದ ದೊಡ್ಡವರು ತಮಗೆ ಬಿಡುವಾದಾಗ ಕೂರುವರು, ಅಲ್ಲಿಯವರೆಗೆ ಕಾದಿರಬೇಕು. ಸಂಜೆಗೆ ಓದು, ಮುಂಬಯಿಯಲ್ಲಿದ್ದರೆ ನಾಟಕ. ೧೮೮೮ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು ಹದಿನಾಲ್ಕು ಪುರಾಣಚಿತ್ರಗಳನ್ನು ಬರೆದುಕೊಡಬೇಕೆಂದಾಗ, ಇಬ್ಬರೂ ಸೇರಿ ಉತ್ತರ ದೇಶವನ್ನೆಲ್ಲ ಸುತ್ತಿಬಂದರು. ದಮಯಂತಿಯ ಉಡುಗೆ ಯಾವುದು? ದ್ರೌಪದಿಯ ಒಡವೆ ಯಾವುದು? ಒಂದು ಸೀಮೆಯ ಉಡುಗೆಯನ್ನು ಬರೆದರೆ ಇನ್ನೊಂದು ಸೀಮೆಯವರು ನಮ್ಮವಳಲ್ಲವೆನ್ನುವರು. ಕೊನೆಗೆ ಸೀರೆಯನ್ನೇ ಎಲ್ಲ ದೇವಿಯರಿಗೂ ನಾಯಿಕೆಯರಿಗೂ ಉಡಿಸಿದರು. ಇಂದು ನಮ್ಮ ಮನೆಯ ಲಕ್ಷ್ಮಿಯು ನಮ್ಮ ಮನೆಯ ಹೆಣ್ಣುಮಕ್ಕಳಂತೆಯೇ ಸೀರೆಯುಟ್ಟು ನಿಂತಿರುವುದಕ್ಕೆ ಆ ಸುತ್ತಾಟವೂ ಒಂದು ಕಾರಣ.

ಅವರ ತಂಗಿ ಮಂಗಳಾಬಾಯಿಯವರೂ ಚಿತ್ರ ಬರೆಯಬಲ್ಲವರಾಗಿದ್ದರು; ಅಣ್ಣನ ಭಾವಚಿತ್ರವೊಂದನ್ನು ಬರೆದಿರುವರು. ರಾಜಮನೆತನದ ಹೆಣ್ಣುಮಗಳಿಗೆ ರೈಲು ಹತ್ತಿ ಊರೂರು ತಿರುಗುವ ಬಾಳು ಆ ದಿನಗಳಲ್ಲಿ ಎಣಿಕೆಗೂ ಬಾರದು. ಒಂದೇ ಮನೆಯಲ್ಲಿ ಮೂವರಿಗೆ ಕೈಯಿತ್ತು. ಒಬ್ಬರ ಹೆಸರು ಮನೆಮಾತಾಯಿತು.

ಈಗ ಅಚ್ಚುಕೂಟದ ಕಥೆ. ಬಡೋದೆಯ ದಿವಾನರಾಗಿದ್ದ ಟಿ. ಮಾಧವರಾಯರು ರವಿವರ್ಮರಿಗೆ ಒಂದು ಹಿತವಚನ ಬರೆದಿದ್ದರು. ಚಿತ್ರಗಳನ್ನು ಬಯಸುವವರು ಸಾವಿರಾರು, ಕೈಗಳಾದರೋ ಎರಡೇ, ಆದುದರಿಂದ ಆರಿಸಿದ ಕೆಲವನ್ನು ಯೂರೋಪಿಗೆ ಕಳುಹಿಸಿ ಅಚ್ಚುಮಾಡಿಸಬೇಕೆಂಬುದು ಅದರ ತಾತ್ಪರ್ಯ. ರವಿವರ್ಮರು ಇನ್ನೂ ಮುಂದಕ್ಕೆ ಹೋಗಿ ೧೮೯೪ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ತಮ್ಮದೇ ಅಚ್ಚುಕೂಟವನ್ನು ಸ್ಥಾಪಿಸಿದರು. ಯಂತ್ರಗಳೂ ಕುಶಲಿಗಳೂ ಜರ್ಮನಿಯಿಂದ ಬಂದರು. ಕಲ್ಲಚ್ಚಿನ ಕೆಲಸ ಬಹು ನಯವಾದುದು: ಚಿತ್ರದಲ್ಲಿನ ಬಣ್ಣಗಳನ್ನು ಬಿಡಿಸಿ ಒಂದೊಂದಕ್ಕೂ ಒಂದೊಂದು ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು, ಒಂದೇ ಕಾಗದವನ್ನು ಒಂದಾದಮೇಲೊಂದರಂತೆ ಆ ಕಲ್ಲುಗಳ ಮೇಲೆ ಕೂದಲೆಳೆಯಷ್ಟೂ ಕದಲದಂತೆ ಒತ್ತಬೇಕು, ಕೊನೆಗೆ ಎಣ್ಣೆಚಿತ್ರದ ಹೊಳಪು ಬರುವಂತೆ ವಾರ್ನಿಷ್ ಹಚ್ಚಬೇಕು. ಮೊದಲು ಅಚ್ಚಾದುದು ಶಕುಂತಲೆಯ ಜನನದ ಚಿತ್ರ. ಆಮೇಲೆ ಲಕ್ಷ್ಮಿ, ಸರಸ್ವತಿ ಮೊದಲಾದವರು ಊರೂರಿಗೆ ಹೊರಟರು.

ದೇವತೆಗಳು ಹೊರಟರೇ ಹೊರತು ಹಣ ಮನೆಗೆ ಬರಲಿಲ್ಲ. ಮುಂಬಯಿಯಲ್ಲಿ ೧೮೯೬ರಿಂದ ಪ್ಲೇಗು. ೧೮೯೯ರಲ್ಲಿ ಅಚ್ಚುಕೂಟವನ್ನು ಲೋಣಾವಳದ ಹತ್ತಿರದ ಮಳವಳಿಗೆ ಸಾಗಿಸಬೇಕಾಯಿತು. ಸಾಲ ಬೆಳೆಯಿತು. ಲೆಕ್ಕಪತ್ರದ ಭಾರವೆಲ್ಲ ರಾಜರಾಜವರ್ಮರ ಮೇಲೆ. ಕುಂಚ ಹಿಡಿಯಬೇಕಾದ ಕೈ ಸಾಲಗಾರರಿಗೆ ಉತ್ತರ ಬರೆಯಿತು. ೧೯೦೧ರಲ್ಲಿ ಅಚ್ಚುಕೂಟವನ್ನು ಅಲ್ಲಿಯೇ ಕುಶಲಿಯಾಗಿದ್ದ ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನಿಯವನಿಗೆ ಮಾರಿಬಿಟ್ಟರು. ಮಾಲಿಕರು ಬದಲಾದರೂ ಪಟಗಳ ಮೇಲಣ ಹೆಸರು ಬದಲಾಗಲಿಲ್ಲ. ೧೯೭೨ರಲ್ಲಿ ಬೆಂಕಿ ಬಿದ್ದು ಆ ಅಚ್ಚುಕೂಟ ಸುಟ್ಟುಹೋಯಿತು.

ಚಿತ್ರಕಾರರಿಗೆ ನಷ್ಟವಾದ ಈ ವ್ಯಾಪಾರದಿಂದ ದೇಶಕ್ಕಾದ ಲಾಭ ಸಾಮಾನ್ಯವಲ್ಲ. ಅರಸುಮನೆಯ ಗೋಡೆಯನ್ನು ಬಿಟ್ಟು ಇಳಿಯದ ಚಿತ್ರ ಬಡವನ ಗುಡಿಸಲಿಗೆ ಬಂತು. ದೇವಸ್ಥಾನದ ಬಾಗಿಲು ತಮಗೆ ಮುಚ್ಚಿದ್ದ ಎಷ್ಟೋ ಜನರು ಅದೇ ದೇವಿಯನ್ನು ತಮ್ಮ ಮನೆಯಲ್ಲಿಯೇ ಕಣ್ಣಾರೆ ಕಂಡು, ತಮ್ಮ ಕೈಯಿಂದಲೇ ಹೂವಿಡುವಂತಾಯಿತು. ತಿರುವಾಂಕೂರಿನ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೂ ತೆರೆದ ರಾಜಶಾಸನ ಹೊರಟುದು ೧೯೩೬ರಲ್ಲಿ. ಅದನ್ನು ಹೊರಡಿಸಿದ ಚಿತ್ತಿರ ತಿರುನಾಳ್ ಮಹಾರಾಜರು ರವಿವರ್ಮರ ಮೊಮ್ಮಗಳ ಮಗ. ಮುತ್ತಜ್ಜನ ಪಟಗಳು ಹೊರಟ ನಲವತ್ತೆರಡು ವರ್ಷಗಳ ಮೇಲೆ ಮರಿಮಗನ ಆಜ್ಞೆ ಹೊರಟಿತು.

ರವಿವರ್ಮರ ಚಿತ್ರಗಳಲ್ಲಿ ಭಾರತೀಯತೆ ಸಾಲದೆಂದೂ, ಐರೋಪ್ಯರ ಮೈಕಟ್ಟಿಗೆ ನಮ್ಮ ದೇವತೆಗಳ ಹೆಸರಿಟ್ಟಂತಿದೆಯೆಂದೂ ಆನಂದ ಕುಮಾರಸ್ವಾಮಿಯವರಂತಹ ಮಹನೀಯರು ಆಕ್ಷೇಪಿಸಿರುವರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಕಲಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತುದು ಬೇರೆಯ ದಾರಿಯನ್ನೇ. ಆ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವನ್ನು ಓದಿದವರಿಗೆ ಚಿತ್ರವೆಂದರೆ ಕಂಡುದನ್ನು ಕಂಡಂತೆ ಬರೆಯುವುದಷ್ಟೇ ಅಲ್ಲವೆಂಬುದು ತಿಳಿದ ವಿಷಯ. ಅಲ್ಲಿ ಮಾರ್ಕಂಡೇಯರು ವಜ್ರರಾಜನಿಗೆ ಹೇಳುವ ಕ್ರಮವನ್ನು ನೋಡಬೇಕು: ಪ್ರತಿಮೆಯನ್ನು ತಿಳಿಯಲು ಚಿತ್ರ ಬೇಕು, ಚಿತ್ರಕ್ಕೆ ನೃತ್ತ ಬೇಕು, ನೃತ್ತಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು. ಯಾವ ಕಲೆಯೂ ಒಂಟಿಯಾಗಿ ನಿಲ್ಲದು. ಕಲೆಗಳಿಗೆ ಹೇಳಿದ ಈ ಮಾತು ಕಲಾವಿದರಿಗೂ ಸಲ್ಲುವುದೆಂದು ನಮ್ಮ ಭಾವನೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರು ಪುರಾಣಚಿತ್ರಗಳನ್ನು ಬರೆದುಕೊಡುವಂತೆ ರವಿವರ್ಮರನ್ನು ಕೇಳಿಕೊಂಡರು. ಆ ದೊಡ್ಡ ಕೆಲಸ ಮುಗಿಯುವುದರೊಳಗೆ, ೧೯೦೫ರ ಜನವರಿಯಲ್ಲಿ, ರಾಜರಾಜವರ್ಮರು ರೋಗದಿಂದ ತೀರಿಕೊಂಡರು. ವಯಸ್ಸು ನಲವತ್ತನಾಲ್ಕು. ಅಣ್ಣನಿಗೆ ಐವತ್ತಾರು, ಮಧುಮೇಹದಿಂದ ಮೈ ಸೊರಗಿತ್ತು. ಆದರೂ ಒಪ್ಪಿದ ಕೆಲಸವನ್ನು ಬಿಡಲಿಲ್ಲ. ಸಮುದ್ರರಾಜನ ಮೇಲೆ ಮುನಿದು ಬಿಲ್ಲನ್ನು ಹಿಡಿದ ಶ್ರೀರಾಮನ ಚಿತ್ರ ಆ ಕೊನೆಯ ದಿನಗಳದು, ಅದು ಮೈಸೂರಿನಲ್ಲಿದೆ. ಬಂಡೆ, ಅಲೆ, ಮುಗಿಲು ಎಲ್ಲವೂ ತುಂಬಿದ ಚಿತ್ರವದು. ತಮ್ಮನು ಬರೆಯಬೇಕಾಗಿದ್ದ ಆ ಸಮುದ್ರದ ಮುಂದೆ ನಿಂತು ಅಣ್ಣನ ಮನಸ್ಸು ಏನಾಗಿದ್ದಿರಬಹುದೆಂದು ನಾವು ಅದರ ಎದುರಿಗೆ ಬಹಳ ಹೊತ್ತು ನಿಂತು ಯೋಚಿಸಿರುವೆವು. ೧೯೦೬ನೆಯ ಅಕ್ಟೋಬರ್ ೨ರಂದು ರವಿವರ್ಮರೂ ಕಿಳಿಮಾನೂರಿನಲ್ಲಿ ಕಾಲವಾದರು. ತಮ್ಮನಿಲ್ಲದೆ ಅವರು ಬದುಕಿದುದು ಎರಡು ವರ್ಷವೂ ಇಲ್ಲ.

ಈ ಕಥೆಯನ್ನು ನಾವು ಬರಿಯ ಚರಿತ್ರೆಯೆಂದು ಹೇಳುತ್ತಿಲ್ಲ. ಕೆಲವು ವರ್ಷಗಳ ಕೆಳಗೆ ನಮ್ಮಲ್ಲಿ ಓದಿದ ಹುಡುಗನೊಬ್ಬನ ತಂದೆ ನಮ್ಮ ಮನೆಗೆ ಬಂದರು. ಸಣ್ಣ ಅಂಗಡಿಯ ಯಜಮಾನರು. ಹುಡುಗನು ಚಿತ್ರಕಲೆಯನ್ನೇ ಕಲಿಯುವೆನೆಂದು ಹಟ ಹಿಡಿದಿದ್ದನು.

“ಮೇಷ್ಟ್ರೇ, ಚಿತ್ರ ಬರೆದು ಹೊಟ್ಟೆ ಹೊರೆಯುವುದುಂಟೆ? ನೀವೇ ಒಂದು ಮಾತು ಹೇಳಿ ಅವನಿಗೆ” ಎಂದರು.

“ಹುಡುಗನ ಕೈ ನಾವು ಬಲ್ಲೆವು, ಚೆನ್ನಾಗಿದೆ. ಅವನು ನೆಲೆ ನಿಲ್ಲುವವರೆಗೆ ಮನೆಯಲ್ಲಿ ನೋಡಿಕೊಳ್ಳುವವರು ಯಾರು?”

“ಅವನ ಅಕ್ಕನಿದ್ದಾಳಲ್ಲ. ಕೆಲಸದಲ್ಲಿದ್ದಾಳೆ. ಅವಳು ನೋಡಿಕೊಳ್ಳುತ್ತಾಳೆ.”

“ಅವಳನ್ನು ಕೇಳಿದಿರಾ, ಯಜಮಾನರೆ?”

ಅವರು ಉತ್ತರ ಹೇಳಲಿಲ್ಲ. ಆ ಹುಡುಗಿಯೂ ನಮ್ಮ ಶಿಷ್ಯೆಯೇ. ಎಂ.ಎ. ಓದಬೇಕೆಂಬ ಆಸೆಯನ್ನು ಮನೆಯ ಸಲುವಾಗಿ ಕಟ್ಟಿಟ್ಟು ಕೆಲಸಕ್ಕೆ ಸೇರಿದ್ದವಳು. ಅವಳ ಸಂಬಳವನ್ನು ಎಣಿಕೆಗೆ ತಂದಿದ್ದರು. ಅವಳ ಆಸೆಯನ್ನು ತಂದಿರಲಿಲ್ಲ. ನಾವು ಹೇಳಿದುದಿಷ್ಟು: ಹುಡುಗನು ಕಲಿಯಲಿ, ರವಿವರ್ಮರು ಶಕುಂತಲೆಯನ್ನು ಬರೆದುದರ ಜೊತೆಗೆ ದೊಡ್ಡವರ ಮುಖಗಳನ್ನೂ ಬರೆದು ಹೊಟ್ಟೆ ಹೊರೆದಂತೆ, ಕಲಿಯುವಾಗಲೇ ಭಾವಚಿತ್ರವೋ ಬೋರ್ಡಿನ ಬರೆಹವೋ ಸಿಕ್ಕಿದುದನ್ನು ಮಾಡಿ ಸ್ವಲ್ಪ ಸಂಪಾದಿಸಲಿ. ಅಕ್ಕನ ಸಹಾಯಕ್ಕೆ ಇಂತಿಷ್ಟು ವರ್ಷವೆಂದು ಅವಧಿ ಗೊತ್ತುಮಾಡಿ, ಅದು ಮುಗಿದೊಡನೆ ಅವಳ ಓದಿನ ಭಾರವನ್ನು ಅವನು ಹೊರಲಿ. ಇದನ್ನು ಎಲ್ಲರ ಎದುರಿಗೆ ಮಾತಾಡಿ ಒಪ್ಪಿಕೊಳ್ಳಿರಿ. ಅವರು ಹೋಗಿ ಹಾಗೆಯೇ ಮಾಡಿದರು. ಹುಡುಗನು ಓದು ಮುಗಿಸಿ ಈಗ ಕು‍ಂಚದಿಂದಲೇ ಜೀವಿಸುತ್ತಿರುವನು. ದೊಡ್ಡ ಹೆಸರೇನೂ ಬಂದಿಲ್ಲ. ಅಕ್ಕನ ಎಂ.ಎ. ಎರಡನೆಯ ವರ್ಷ ನಡೆಯುತ್ತಿದೆ. ಶುಲ್ಕದ ಒಂದು ಕಂತು ತಡವಾಯಿತೆಂದು ತಮ್ಮನ ಮೇಲೆ ಅವಳಿಗೆ ಸ್ವಲ್ಪ ಮುನಿಸೂ ಇದೆ. ಆ ಮುನಿಸನ್ನು ಕೇಳಿ ನಮಗೆ ಸಂತೋಷವೇ ಆಯಿತು. ಬಾಕಿಯಿದೆಯೆಂದು ಬಾಯಿಬಿಟ್ಟು ಹೇಳುವ ಹಕ್ಕು ಅವಳಿಗೆ ಬಂದಿದೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ಅಲ್ಲಿ ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡದೆ ಬರುವುದಿಲ್ಲ. ಬೆರಳುಗಳ ಸಂದಿನಿಂದ ಬೆಳಕು ಕೆಂಪಾಗಿ ಸೋಸಿ ಮುಖದ ಮೇಲೆ ಬಿದ್ದಿರುವ ಆ ಚಿತ್ರವನ್ನು ನೋಡಿ “ರವಿವರ್ಮನೆಂದರೆ ರವಿವರ್ಮನೇ” ಎಂದು ಹೊಗಳುವವರನ್ನು ನಾವು ಎಷ್ಟೋ ಸಾರಿ ಕೇಳಿರುವೆವು. ಅದನ್ನು ಬರೆದವರು ಎಸ್. ಎಲ್. ಹಲ್ದಣ್‌ಕರರು, ದೀಪ ಹಿಡಿದು ನಿಂತವಳು ಅವರ ಮಗಳು. ಎಣ್ಣೆಬಣ್ಣವೂ ಅಲ್ಲ, ನೀರುಬಣ್ಣದ ಚಿತ್ರ. ರವಿವರ್ಮರು ತೀರಿಕೊಂಡು ಹಲವು ದಶಕಗಳಾದ ಮೇಲಿನದು. ದೊಡ್ಡ ಹೆಸರಿನ ನೆರಳಿನಲ್ಲಿ ಇತರರ ಬೆಳಕೂ ಹೀಗೆ ಅಡಗಿಹೋಗುವುದುಂಟು.

ಇನ್ನು ಮುಂದೆ ಆ ಚಿತ್ರಶಾಲೆಗೆ ಹೋಗುವ ಗೃಹಸ್ಥರು ಮಕ್ಕಳನ್ನೂ ಕರೆದುಕೊಂಡು ಹೋಗಲಿ. ಮುಖಗಳನ್ನು ನೋಡಿಯಾದಮೇಲೆ ಬೆಟ್ಟವನ್ನೂ ನೀರನ್ನೂ ಮುಗಿಲನ್ನೂ ತೋರಿಸಿ, ರಾಜರಾಜವರ್ಮರೆಂಬ ಹೆಸರನ್ನು ಒಂದು ಸಲ ಹೇಳಲಿ. ಮನೆಗೆ ಬಂದಮೇಲೆ, ತಮ್ಮ ಮನೆಯಲ್ಲಿ ಯಾರ ಏಳಿಗೆಗೆ ಯಾರು ಹಿನ್ನೆಲೆ ಬರೆಯುತ್ತಿರುವರೆಂದು ಎಣಿಸಿ ನೋಡಲಿ.